ಫ್ಲೈ ಫಿಶಿಂಗ್‌ಗೆ ಯಾವ ಚೀಲ? ಮೊದಲು ಸಾಮಾನು ನೋಡಿ

"ರಾಡ್ ತಗೊಂಡಾಯ್ತು, ರೀಲ್ ತಗೊಂಡಾಯ್ತು. ಇನ್ನು ಇದನ್ನೆಲ್ಲ ಹೊರೋದು ಯಾವುದರಲ್ಲಿ?"

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಫ್ಲೈ ಫಿಶಿಂಗ್ ಶುರು ಮಾಡಿರುವ ಕನ್ನಡದವರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು. ರಜೆಗೆ ಹಿಮಾಚಲಕ್ಕೆ ಹೋಗಿ ಟ್ರೌಟ್ ಹಿಡಿಯುವ ಆಸೆಯಿರುವ ಬೆಂಗಳೂರಿನ ಗೆಳೆಯರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಎರೆಹುಳು ಸಿಕ್ಕಿಸಿದ ಗಾಳ ಇರುವುದಿಲ್ಲ. ಗರಿ, ಕೂದಲು, ನೂಲು ಸುತ್ತಿ ಹುಳದ ಹಾಗೆ ಕಾಣುವಂತೆ ಕಟ್ಟಿದ ಗಾಳ ಇರುತ್ತದೆ. ಅದಕ್ಕೇ ಫ್ಲೈ ಅನ್ನುವುದು. ಕೆರೆ ದಂಡೆಯಲ್ಲಿ ಕೂತು ಕಾಯುವ ಕೆಲಸವೂ ಇದಲ್ಲ. ನೀರಿಗಿಳಿದು, ನಡೆಯುತ್ತಾ, ದಿನಕ್ಕೆ ನೂರಾರು ಸಲ ಕೈ ಬೀಸುತ್ತಾ ಇರಬೇಕು. ಸಾಮಾನನ್ನು ಪಕ್ಕದಲ್ಲಿ ಇಟ್ಟು ಕೂರುವ ಅವಕಾಶವೇ ಇಲ್ಲ. ಎಲ್ಲವೂ ಮೈಮೇಲೇ ಇರಬೇಕು. ಚೀಲ ಸರಿಯಿಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿರುತ್ತದೆ.

ನಾನು ಹೇಳುವ ಕ್ರಮ ಅಂಗಡಿಯವರು ಹೇಳುವುದಕ್ಕೆ ತಿರುಗುಮುರುಗು. ಅವರು ಮೊದಲು ಚೀಲ ತೋರಿಸುತ್ತಾರೆ. ನಾವು ಚೀಲವನ್ನು ಐದನೇ ಹಂತದವರೆಗೆ ಮುಟ್ಟುವುದೇ ಇಲ್ಲ.

1. ಎಲ್ಲವನ್ನೂ ನೆಲದ ಮೇಲೆ ಹರಡಿ

ಒಂದು ಹಳೇ ಬೆಡ್‌ಶೀಟ್ ಹಾಸಿ. ನದಿಗೆ ಒಯ್ಯಬೇಕು ಅಂದುಕೊಂಡಿರುವ ಪ್ರತಿಯೊಂದನ್ನೂ ಅದರ ಮೇಲಿಡಿ. ಸಾಮಾನ್ಯವಾಗಿ ಇಷ್ಟು ಇರುತ್ತವೆ.

ಫ್ಲೈ ಡಬ್ಬಿಗಳು. ಲೀಡರ್, ಅಂದರೆ ದಪ್ಪ ದಾರದ ತುದಿಗೆ ಕಟ್ಟುವ, ಹೋಗ್ತಾ ಹೋಗ್ತಾ ಸಣ್ಣಗಾಗುವ ಪಾರದರ್ಶಕ ದಾರ. ಟಿಪೆಟ್, ಅಂದರೆ ಲೀಡರ್ ಕೊನೆಗೆ ಸೇರಿಸುವ ತೀರಾ ತೆಳು ಎಳೆ. ಇದರ ಉಂಡೆಗಳ ಮೇಲೆ 4ಎಕ್ಸ್, 5ಎಕ್ಸ್, 6ಎಕ್ಸ್ ಅಂತ ಬರೆದಿರುತ್ತದೆ. 11ರಿಂದ ಆ ಸಂಖ್ಯೆ ಕಳೆಯಿರಿ, ಬಂದದ್ದೇ ಇಂಚಿನ ಸಾವಿರ ಭಾಗಗಳಲ್ಲಿ ದಾರದ ದಪ್ಪ. 5ಎಕ್ಸ್ ಅಂದರೆ ಸಾವಿರದಲ್ಲಿ 6 ಭಾಗ, ಸುಮಾರು 0.15 ಮಿಲಿಮೀಟರ್. ನಿಪ್ಪರ್, ಅಂದರೆ ದಾರ ಕತ್ತರಿಸುವ, ನೇಲ್ ಕಟರ್‌ನಂಥ ಸಾಧನ. ಫೋರ್ಸೆಪ್ಸ್, ಮೀನಿನ ಬಾಯಿಂದ ಗಾಳ ಬಿಡಿಸುವ ಉದ್ದ ಮೂತಿಯ ಇಕ್ಕಳ. ಫ್ಲೋಟಂಟ್, ಫ್ಲೈ ಮುಳುಗದಂತೆ ಹಚ್ಚುವ ಜಿಡ್ಡು. ದಾರಕ್ಕೆ ಒತ್ತುವ ಸಣ್ಣ ಸಣ್ಣ ಭಾರದ ಗುಂಡುಗಳು. ಮೀನು ಕಚ್ಚಿದ್ದು ತಿಳಿಯಲು ದಾರಕ್ಕೆ ಸಿಕ್ಕಿಸುವ ತೇಲುಗುಂಡು. ಥರ್ಮಾಮೀಟರ್. ನೆಟ್. ನೀರು, ಊಟ, ಮಳೆ ಜಾಕೆಟ್, ಫೋನು, ಕಾರಿನ ಕೀ, ಮೀನುಗಾರಿಕೆಯ ಲೈಸೆನ್ಸ್. ಕೊಲೊರಾಡೊದಲ್ಲಿ 16 ವರ್ಷ ಆದವರಿಗೆಲ್ಲ ಲೈಸೆನ್ಸ್ ಬೇಕು.

ನಲವತ್ತು ದಾಟಿದ್ದರೆ ಚಾಳೀಸನ್ನು ಮರೆಯಬೇಡಿ. 22ನೇ ಸೈಜಿನ ಫ್ಲೈ ಸಾಸಿವೆಗಿಂತ ಒಂಚೂರು ದೊಡ್ಡದಿರುತ್ತದೆ. ಅದರ ಕಣ್ಣಿನಲ್ಲಿ 6ಎಕ್ಸ್ ದಾರ ಪೋಣಿಸುವುದು ಹೆಂಗೆ ಅಂತ ನಡುನೀರಿನಲ್ಲಿ ಯೋಚಿಸಿ ಪ್ರಯೋಜನವಿಲ್ಲ.

2. ಮೂರು ಗುಡ್ಡೆ ಮಾಡಿ

ಮೊದಲ ಗುಡ್ಡೆ: ನೋಡದೆಯೇ ಕೈಗೆ ಸಿಗಬೇಕಾದದ್ದು. ನಿಪ್ಪರ್, ಫೋರ್ಸೆಪ್ಸ್, ಫ್ಲೋಟಂಟ್, ಎರಡು ಟಿಪೆಟ್ ಉಂಡೆ, ಆವತ್ತಿನ ಮುಖ್ಯ ಫ್ಲೈ ಡಬ್ಬಿ. ಇವು ಎದೆಯಿಂದ ಸೊಂಟದ ನಡುವೆ, ಮೈಯ ಮುಂಭಾಗದಲ್ಲಿ ಇರಬೇಕು.

ಎರಡನೆಯದು: ಗಂಟೆಗೊಮ್ಮೆ ಬೇಕಾಗುವುದು. ಎರಡನೇ ಡಬ್ಬಿ, ಇನ್ನೊಂದು ಲೀಡರ್, ಥರ್ಮಾಮೀಟರ್, ನೀರು. ಚೀಲ ತಿರುಗಿಸಿ ಅಥವಾ ಜಿಪ್ ಎಳೆದು ತೆಗೆದರೆ ಸಾಕು.

ಮೂರನೆಯದು: ದಡಕ್ಕೆ ಬಂದಾಗ ಮಾತ್ರ ಬೇಕಾಗುವುದು. ಊಟ, ಜಾಕೆಟ್, ಔಷಧಿ. ಇದು ಬೆನ್ನಿಗೆ.

ಎಲ್ಲಿಗೂ ಸೇರದೆ "ಇರ್ಲಿ, ಯಾವತ್ತಾದ್ರೂ ಬೇಕಾಗುತ್ತೆ" ಅನ್ನಿಸುವ ನಾಲ್ಕನೇ ಗುಡ್ಡೆಯೊಂದು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಅದನ್ನು ಕಾರಿನಲ್ಲಿ ಬಿಡಿ.

ಫ್ಲೈ ಡಬ್ಬಿ ಎಷ್ಟು ಅನ್ನುವುದು ನದಿಯ ಮೇಲೆ ಹೋಗುತ್ತದೆ. ಡೆನ್ವರ್‌ನವರು ಹೆಚ್ಚಾಗಿ ಹೋಗುವುದು ಸೌತ್ ಪ್ಲಾಟ್ ನದಿಗೆ, ಡೆಕರ್ಸ್ ಅಥವಾ ಚೀಸ್‌ಮನ್ ಕ್ಯಾನಿಯನ್ ಕಡೆಗೆ. ಅಲ್ಲಿಯ ಮೀನು ತಿನ್ನುವುದು ಗುಂಗಾಡಿನಷ್ಟು ಸಣ್ಣ ಹುಳಗಳನ್ನು. ಅಲ್ಲಿ ಕೆಲಸಕ್ಕೆ ಬರುವ ಫ್ಲೈಗಳೂ ಅಷ್ಟೇ ಸಣ್ಣವು, 20ರಿಂದ 24ನೇ ಸೈಜಿನವು. ಆ ನದಿಗೆಂದೇ ರಿಮ್ ಚುಂಗ್ ರೂಪಿಸಿದ ಆರ್‌ಎಸ್2 ಅನ್ನುವ ಪುಟ್ಟ ಫ್ಲೈ ಇವತ್ತಿಗೂ ಎಲ್ಲರ ಡಬ್ಬಿಯಲ್ಲಿರುತ್ತದೆ. ಇಂಥವು ಅಂಗೈಯಗಲದ ಡಬ್ಬಿಯಲ್ಲಿ ನೂರು ಹಿಡಿಯುತ್ತವೆ. ಮೊಂಟಾನಾ ಕಡೆ ಹೋಗಿ ಮಿಡತೆಯಂಥ, ಸಣ್ಣ ಮೀನಿನಂಥ ದೊಡ್ಡ ಫ್ಲೈ ಎಸೆಯುವವರಿಗೆ ಊಟದ ಡಬ್ಬಿಯಷ್ಟು ದಪ್ಪದ ಪೆಟ್ಟಿಗೆ ಬೇಕಾಗುತ್ತದೆ. ಎರಡಕ್ಕೂ ಒಂದೇ ಚೀಲ ಹುಡುಕುತ್ತಾ ಕೂತವರು ಎರಡಕ್ಕೂ ಸರಿಹೊಂದದ್ದನ್ನು ತರುತ್ತಾರೆ.

3. ತೂಕ ಹಾಕಿ

ಅಡುಗೆಮನೆಯ ತಕ್ಕಡಿ ಸಾಕು. ನಾನು ಮೊದಲ ಸಲ ನನ್ನ ವೆಸ್ಟ್, ಅಂದರೆ ಸಾಮಾನು ತುಂಬುವ ಕಿಸೆಗಳ ಅಂಗಿ, ತೂಗಿದಾಗ 4 ಕಿಲೋ ದಾಟಿತ್ತು. ಅದರಲ್ಲಿ ಆರು ತಿಂಗಳಿಂದ ಮುಟ್ಟದ ಮೂರು ಡಬ್ಬಿ, ಖಾಲಿಯಾದ ಎರಡು ಉಂಡೆ, ಅರ್ಧ ಕರಗಿ ಮತ್ತೆ ಗಟ್ಟಿಯಾದ ಕಡಲೆ ಚಿಕ್ಕಿ ಇದ್ದವು.

ಅತಿ ಭಾರದ ವಸ್ತು ಯಾವುದು ಗೊತ್ತಾ? ನೀರು. ಒಂದು ಲೀಟರ್ ಅಂದರೆ ಒಂದು ಕಿಲೋ. ಇಡೀ ದಿನಕ್ಕೆ ಎರಡು ಲೀಟರ್ ಹೊರುವ ಬದಲು ಫಿಲ್ಟರ್ ಇರುವ ಖಾಲಿ ಬಾಟಲಿ ಒಯ್ದರೆ ಹೊಳೆಯಲ್ಲೇ ತುಂಬಿಸಿ ಕುಡಿಯಬಹುದು. ಫಿಲ್ಟರ್ ಇಲ್ಲದೆ ಮಾತ್ರ ಬೇಡ. ಬೆಟ್ಟದ ನೀರು ಕನ್ನಡಿಯಂತೆ ಕಂಡರೂ ಜಿಯಾರ್ಡಿಯಾ ಅನ್ನುವ ಪರಾವಲಂಬಿ ಇರಬಹುದು, ಹೊಟ್ಟೆ ಕೆಡಿಸಿ ವಾರಗಟ್ಟಲೆ ಕಾಡುತ್ತದೆ.

ನನ್ನ ಲೆಕ್ಕ ಹೀಗೆ: ನೀರಿನಲ್ಲಿ ನಿಂತಾಗ ಮೈಮೇಲೆ ಎರಡು ಕಿಲೋ ಒಳಗೆ, ದೂರ ನಡೆಯುವ ದಿನ ಬೆನ್ನಿನದ್ದೂ ಸೇರಿ ಐದು ಕಿಲೋ ಒಳಗೆ. ಇದೇನು ಶಾಸ್ತ್ರವಲ್ಲ. ನನ್ನ ಬೆನ್ನು ಒಪ್ಪಿದ್ದು ಇಷ್ಟಕ್ಕೆ.

4. ಎರಡು ಪ್ರಶ್ನೆಗೆ ನಿಜ ಉತ್ತರ ಬರೆಯಿರಿ

ಒಂದು: ನೀವು ಇಳಿಯುವ ನೀರು ಎಲ್ಲಿಯವರೆಗೆ ಬರುತ್ತದೆ? ಮೊಣಕಾಲೋ, ತೊಡೆಯೋ, ಸೊಂಟವೋ?

ಎರಡು: ಕಾರಿನಿಂದ ಎಷ್ಟು ದೂರ ಹೋಗುತ್ತೀರಿ? ಡೆಕರ್ಸ್‌ನಲ್ಲಿ ರಸ್ತೆ ಪಕ್ಕದಲ್ಲೇ ನದಿ. ಊಟ, ಜಾಕೆಟ್ ಎಲ್ಲ ಡಿಕ್ಕಿಯಲ್ಲಿಟ್ಟು ಕಿಸೆಯಲ್ಲಿ ಹಿಡಿಯುವಷ್ಟೇ ಒಯ್ದರೂ ಆಯ್ತು. ಚೀಸ್‌ಮನ್ ಕ್ಯಾನಿಯನ್‌ಗಾದರೆ ಕಾಲುದಾರಿಯಲ್ಲಿ ನಡೆದು, ಬಂಡೆ ಹತ್ತಿಳಿದು ಹೋಗಬೇಕು. ಒಮ್ಮೆ ಒಳಗೆ ಹೋದರೆ ಸಂಜೆಗೇ ಬರುವುದು. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು, ಜಾಕೆಟ್ ಬಿಟ್ಟು ಹೋಗುವ ಹಾಗಿಲ್ಲ. (ಮಿಂಚು ಕಂಡರೆ ರಾಡ್ ಕೆಳಗಿಟ್ಟು ನೀರಿನಿಂದ ಹೊರಗೆ ಬನ್ನಿ. ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ.)

5. ಈಗ ಚೀಲ ಆರಿಸಿ

ವೆಸ್ಟ್. ಕಿಸೆಗಳೇ ತುಂಬಿದ ತೋಳಿಲ್ಲದ ಅಂಗಿ. 1930ರ ದಶಕದ ಆರಂಭದಲ್ಲಿ ಇದನ್ನು ಮೊದಲು ಹೊಲಿದವರು ಅನ್ನುವ ಹೆಸರು ಅಮೆರಿಕದ ಲೀ ವುಲ್ಫ್ ಅವರದ್ದು. ಪ್ರತಿ ವಸ್ತುವಿಗೂ ಒಂದು ಕಿಸೆ ಇರುವುದು ಇದರ ಸುಖ. ಒಂದು ತಿಂಗಳಲ್ಲಿ ಕೈಗೆ ಅಭ್ಯಾಸವಾಗಿ ಕಣ್ಣು ಬೇಕಾಗುವುದಿಲ್ಲ. ಕಷ್ಟ ಏನೆಂದರೆ ಭಾರ ಪೂರ್ತಿ ಹೆಗಲ ಮೇಲೆ, ಬೇಸಿಗೆಯಲ್ಲಿ ಸೆಖೆ ಬೇರೆ. ಕುತ್ತಿಗೆ ಪಟ್ಟಿ ಅಗಲವಾಗಿ, ಮೆತ್ತಗೆ ಇರುವುದನ್ನೇ ನೋಡಿ. ಆಳದ ನೀರಿಗೆ ಇಳಿಯುವವರು ಎದೆಯ ಕೆಳಗೇ ಮುಗಿಯುವ ಗಿಡ್ಡ ವೆಸ್ಟ್ ತಗೊಳ್ಳಿ. ಕಿಸೆ 20 ಇವೆ ಅಂತ ಇಪ್ಪತ್ತನ್ನೂ ತುಂಬಬೇಕಿಲ್ಲ.

ಚೆಸ್ಟ್ ಪ್ಯಾಕ್. ಎದೆಯ ಮೇಲೆ ಕೂರುವ ಪುಟ್ಟ ಪೆಟ್ಟಿಗೆ. ಮುಚ್ಚಳ ಕೆಳಕ್ಕೆ ಬಿಟ್ಟರೆ ಮೇಜಿನ ಥರ ಕೆಲಸ ಮಾಡುತ್ತದೆ, ಅದರ ಮೇಲೆ ಫ್ಲೈ ಕಟ್ಟಬಹುದು. ಸೊಂಟದವರೆಗೆ ನೀರಿಗಿಳಿಯುವವರಿಗೆ ಇದು ಒಳ್ಳೆಯದು. ಆದರೆ ದಪ್ಪದ ಚೆಸ್ಟ್ ಪ್ಯಾಕ್ ಹಾಕಿಕೊಂಡರೆ ಸ್ವಂತ ಪಾದವೇ ಕಾಣುವುದಿಲ್ಲ. ಪಾಚಿ ಹಿಡಿದ ಕಲ್ಲುಗಳ ಮೇಲೆ ಇದು ಸಣ್ಣ ತೊಂದರೆಯಲ್ಲ. ಎಡಗೈಯಲ್ಲಿ ದಾರ ಎಳೆಯುವಾಗ ಅಡ್ಡ ಬರುತ್ತದೆಯಾ ಅಂತಲೂ ನೋಡಬೇಕು. ಹೆಂಗಸರಿಗೆ ಪಟ್ಟಿ ಎಲ್ಲಿ ಹಾದುಹೋಗುತ್ತದೆ ಅನ್ನುವುದು ಮುಖ್ಯ. ಹಾಕಿ ನೋಡದೆ ಆನ್‌ಲೈನ್‌ನಲ್ಲಿ ತರಿಸಬೇಡಿ.

ಸೊಂಟದ ಪ್ಯಾಕ್. ಇದು ನಮಗೆ ಹೊಸದೇನಲ್ಲ. ಮಲೆನಾಡಿನ ಅಜ್ಜಂದಿರ ಸೊಂಟದ ಎಲೆಅಡಿಕೆ ಸಂಚಿ ನೋಡಿದ್ದೀರಲ್ಲ, ಕಾಫಿ ಕುಯ್ಯುವವರು ಸೊಂಟಕ್ಕೆ ಕಟ್ಟುವ ಚೀಲ ನೋಡಿದ್ದೀರಲ್ಲ, ಅದೇ ತತ್ವ. ಭಾರ ಸೊಂಟದ ಮೂಳೆಯ ಮೇಲೆ, ಹೆಗಲು ಪೂರ್ತಿ ಖಾಲಿ. ದಿನವಿಡೀ ಕೈ ಬೀಸುವವರಿಗೆ ಇದಕ್ಕಿಂತ ಆರಾಮದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೆನ್ನ ಹಿಂದೆ ಇಟ್ಟುಕೊಂಡು, ಬೇಕಾದಾಗ ಮುಂದಕ್ಕೆ ತಿರುಗಿಸಿ.

ಇದರ ಶತ್ರು ಆಳದ ನೀರು. ತೊಡೆ ದಾಟಿತೆಂದರೆ ಚೀಲ ಒದ್ದೆ. ನನಗೆ ಇದು ಗೊತ್ತಾದದ್ದು ತಡವಾಗಿ. ಒಂದು ಏಪ್ರಿಲ್‌ನಲ್ಲಿ ಎರಡು ಹೆಜ್ಜೆ ಜಾಸ್ತಿ ಮುಂದೆ ಹೋದೆ. ಬೆನ್ನ ಹಿಂದಿನ ಚೀಲಕ್ಕೆ ನೀರು ನುಗ್ಗಿದ್ದು ತಿಳಿಯಲೇ ಇಲ್ಲ. ಮೂರು ವಾರ ಬಿಟ್ಟು ಡಬ್ಬಿ ತೆಗೆದರೆ ಸ್ಪಂಜಿನ ತುಂಬ ಕಂದು ಚುಕ್ಕೆಗಳು. ಗಾಳಗಳೆಲ್ಲ ತುಕ್ಕು ಹಿಡಿದು, ಬೆರಳಲ್ಲಿ ಒತ್ತಿದರೆ ಮುರಿಯುವ ಹಾಗಾಗಿದ್ದವು.

ಸ್ಲಿಂಗ್ ಪ್ಯಾಕ್. ಒಂದೇ ಹೆಗಲಿಗೆ ಅಡ್ಡಲಾಗಿ ಹಾಕುವ, ನಮ್ಮ ಜೋಳಿಗೆಯ ದೊಡ್ಡ ತಮ್ಮ. ಎರಡನೇ, ಮೂರನೇ ಗುಡ್ಡೆ ಎರಡೂ ಹಿಡಿಯುತ್ತದೆ. ಎಳೆದರೆ ಎದೆಗೆ ಬರುತ್ತದೆ, ಬಿಟ್ಟರೆ ಬೆನ್ನಿಗೆ ಹೋಗುತ್ತದೆ. ಈಗ ಹೆಚ್ಚು ಜನ ಕೊಳ್ಳುತ್ತಿರುವುದು ಇದನ್ನೇ ಅನ್ನಿಸುತ್ತದೆ. ಆದರೆ ಭಾರ ಒಂದೇ ಕಡೆ. ಈಗಾಗಲೇ ಕುತ್ತಿಗೆ ನೋವು, ಹೆಗಲು ನೋವು ಇರುವವರು ದಯವಿಟ್ಟು ದೂರವಿರಿ. ಪಟ್ಟಿ ಯಾವ ಹೆಗಲಿಗೆ ಬರುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಬಲಗೈಯಲ್ಲಿ ಬೀಸುವವರಿಗೆ ಪಟ್ಟಿ ಎಡ ಹೆಗಲಿಗೆ ಬಂದರೆ ಕೈ ಸಲೀಸು. ಎಡಚರು ಇನ್ನೂ ಹುಷಾರಾಗಿ ನೋಡಬೇಕು. ಕಂಕುಳ ಕೆಳಗೆ ಹಾಯುವ ಎರಡನೇ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಮೀನು ಬಿಡಲು ಬಗ್ಗಿದಾಗಲೆಲ್ಲ ಚೀಲ ದಡಾರನೆ ಮುಂದೆ ಬಂದು ನೀರಿಗೆ ಬೀಳುತ್ತದೆ.

ಬೆನ್ನಚೀಲ. ದೂರ ನಡೆಯುವ ದಿನಕ್ಕೆ ಮಾತ್ರ. ಭಾರದ್ದು ಬೆನ್ನೆಲುಬಿಗೆ ಹತ್ತಿರ, ಹಗುರದ್ದು ಹೊರಗೆ. ಮೊದಲ ಗುಡ್ಡೆಯನ್ನು ಇದರಲ್ಲಿ ಹಾಕಿದರೆ ಪ್ರತಿ ಗಂಟಿಗೂ ಚೀಲ ಇಳಿಸಬೇಕಾಗುತ್ತದೆ. ಹಾಗಾಗಿ ಜೊತೆಗೊಂದು ಪುಟ್ಟ ಚೆಸ್ಟ್ ಪ್ಯಾಕೋ ಲ್ಯಾನ್‌ಯಾರ್ಡೋ ಬೇಕು.

ಲ್ಯಾನ್‌ಯಾರ್ಡ್ ಅಂದರೆ ಕೊರಳಿಗೆ ಹಾಕುವ ಹಗ್ಗ. ನಿಪ್ಪರ್, ಫೋರ್ಸೆಪ್ಸ್, ಟಿಪೆಟ್ ಅದಕ್ಕೇ ಸಿಕ್ಕಿಸಿರುತ್ತವೆ. ಇದೊಂದು, ಅಂಗಿಯ ಜೇಬಿನಲ್ಲೊಂದು ಡಬ್ಬಿ. ಕಾರಿನ ಹತ್ತಿರವೇ ಹಿಡಿಯುವವರಿಗೆ ಇಷ್ಟೇ ಸಾಕು. ಅಂಗಡಿಯವರು ಇದನ್ನು ಮೊದಲು ತೋರಿಸುವುದಿಲ್ಲ, ಯಾಕೆಂದರೆ ಅಗ್ಗ. ಕೊಳ್ಳುವಾಗ ಎಳೆದರೆ ಬಿಚ್ಚಿಕೊಳ್ಳುವ ಕೊಂಡಿ ಇರುವುದನ್ನೇ ಕೇಳಿ. ಕೊರಳಿಗೆ ಹಾಕುವ ಹಗ್ಗ ಕೊಂಬೆಗೆ ಸಿಕ್ಕಿಕೊಂಡರೆ ಬಿಟ್ಟುಕೊಡಬೇಕು.

ತೀರ್ಥನ್ ಕಣಿವೆಗೆ ಹೋಗುವವರಿಗೆ ಪ್ರತ್ಯೇಕ ಮಾತು. ಹಿಮಾಚಲದ ಆ ನದಿ ದೊಡ್ಡ ದೊಡ್ಡ ಬಂಡೆಗಳ ನಡುವೆ ಹರಿಯುತ್ತದೆ. ನೀರು ಹಿಮ ಕರಗಿದ್ದು. ಆಳಕ್ಕಿಳಿಯುವುದಕ್ಕಿಂತ ಬಂಡೆಯಿಂದ ಬಂಡೆಗೆ ದಾಟುವುದೇ ಜಾಸ್ತಿ. ಅಲ್ಲಿ ಪಾದ ಕಾಣಲೇಬೇಕು, ಆದ್ದರಿಂದ ಚೆಸ್ಟ್ ಪ್ಯಾಕ್ ಬೇಡ. ಸೊಂಟದ್ದು ಸರಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಉಳಿದ ತಿಂಗಳಲ್ಲೂ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮಾಡಿಸಬೇಕು. ಟಿಕೆಟ್ ಬುಕ್ ಮಾಡುವ ಮೊದಲೇ ತಿಂಗಳು ನೋಡಿಕೊಳ್ಳಿ.

6. ವಾಟರ್‌ಪ್ರೂಫ್ ಬೇಕಾ?

ಐಪಿಎಕ್ಸ್7 ಅಂತ ಬರೆದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ. ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ದರೆ ತುಂತುರು ಮಳೆ ತಡೆಯಬಹುದು, ಅಷ್ಟೇ. ಈ ಎರಡು ಪದ ಒಂದೇ ಅಂದುಕೊಂಡು ಫೋನ್ ಕಳೆದುಕೊಂಡವರು ಬಹಳ ಜನ.

ಪೂರ್ತಿ ವಾಟರ್‌ಪ್ರೂಫ್ ಚೀಲದ ಜಿಪ್ ಬಿಗಿ. ಒಂದು ಕೈಯಲ್ಲಿ ರಾಡ್ ಹಿಡಿದು ಇನ್ನೊಂದು ಕೈಯಲ್ಲಿ ಎಳೆಯಲು ಆಗುವುದಿಲ್ಲ. ಆಗಾಗ ಅದಕ್ಕೆಂದೇ ಕೊಡುವ ಜಿಡ್ಡು ಹಚ್ಚುತ್ತಿರಬೇಕು. ತೊಡೆಗಿಂತ ಮೇಲೆ ಇಳಿಯದವರಿಗೆ ಸಾಮಾನ್ಯ ಚೀಲ, ಅದರೊಳಗೆ ಫೋನಿಗೆ ಒಂದು ಪುಟ್ಟ ಡ್ರೈ ಬ್ಯಾಗ್. ದುಡ್ಡೂ ಉಳಿಯುತ್ತದೆ.

7. ನೇತಾಡುವುದನ್ನು ಕಡಿಮೆ ಮಾಡಿ

ಜಿಂಗರ್ ಅಂತ ಒಂದಿದೆ. ಎಳೆದರೆ ಉದ್ದವಾಗಿ, ಬಿಟ್ಟರೆ ಸುರ್ರೆಂದು ಒಳಗೆ ಹೋಗುವ ದಾರದ ಗಾಲಿ. ಆಫೀಸಿನ ಐಡಿ ಕಾರ್ಡಿಗೆ ಹಾಕುತ್ತಾರಲ್ಲ, ಅದೇ. ಹೊಸಬರು ಇದನ್ನು ಆರು ಕೊಂಡು, ಆರಕ್ಕೂ ಒಂದೊಂದು ಸಾಧನ ಸಿಕ್ಕಿಸಿ, ಕೋಲೆ ಬಸವನ ಹಾಗೆ ಅಲಂಕಾರ ಮಾಡಿಕೊಂಡು ನೀರಿಗಿಳಿಯುತ್ತಾರೆ. ಫ್ಲೈ ದಾರಕ್ಕೆ ಸುತ್ತಿಕೊಳ್ಳಲು ಒಂದು ನೆಪ ಸಾಕು. ಮೈಮೇಲೆ ಏನು ನೇತಾಡುತ್ತಿದೆಯೋ ಅದಕ್ಕೇ ಸುತ್ತಿಕೊಳ್ಳುತ್ತದೆ, ಅದೂ ದೊಡ್ಡ ಮೀನು ಓಡುತ್ತಿರುವಾಗಲೇ. ಎರಡು ಜಿಂಗರ್ ಸಾಕು. ಫೋರ್ಸೆಪ್ಸ್ ಅನ್ನು ಪಟ್ಟಿಗೆ ಕಚ್ಚಿಸಿ ಇಡಿ.

ನೆಟ್ ಬೆನ್ನ ಹಿಂದೆ ಇರಲಿ. ಅಡಿಕೆ ತೋಟದಲ್ಲಿ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ ಜಾಗ ಅಥವಾ ಕುತ್ತಿಗೆಯ ಕೆಳಗೆ. ಮ್ಯಾಗ್ನೆಟ್ ಕೊಂಡಿ ಹಾಕಿದರೆ ಎಳೆದ ಕೂಡಲೇ ಕೈಗೆ ಬರುತ್ತದೆ. ಮ್ಯಾಗ್ನೆಟ್ ಒಂದನ್ನೇ ನಂಬಬೇಡಿ, ಜೊತೆಗೆ ಸುರುಳಿ ಹಗ್ಗವೂ ಇರಲಿ. ಎಲಾಸ್ಟಿಕ್ ಹಗ್ಗ ಬೇಡ. ಪೊದೆಗೆ ನೆಟ್ ಸಿಕ್ಕಿಕೊಂಡದ್ದು ಗೊತ್ತಾಗದೆ ನೀವು ಮುಂದೆ ನಡೆದಿರುತ್ತೀರಿ, ಬಿಟ್ಟಾಗ ಕವಣೆ ಕಲ್ಲಿನಂತೆ ಬಂದು ತಲೆಗೆ ಬಡಿಯುತ್ತದೆ.

ಯೆಲ್ಲೊಸ್ಟೋನ್ ಕಡೆ ಹೋಗುವವರಿಗೆ: ಅದು ಗ್ರಿಜ್ಲಿ ಕರಡಿಗಳ ನಾಡು. ಬೇರ್ ಸ್ಪ್ರೇ ಮೊದಲ ಗುಡ್ಡೆಗೆ ಸೇರಿದ್ದು. ಬೆನ್ನಚೀಲದೊಳಗಿದ್ದರೆ ಅದು ಇದ್ದೂ ಇಲ್ಲದ ಹಾಗೆ.

8. ಮನೆಯಲ್ಲೇ ತಾಲೀಮು ಮಾಡಿ

ಚೀಲ ಕೊಳ್ಳುವ ಮೊದಲು ನಿಮ್ಮ ಸಾಮಾನನ್ನೇ ಅಂಗಡಿಗೆ ಒಯ್ದು ತುಂಬಿ ನೋಡಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ವೇಡರ್ಸ್, ಅಂದರೆ ಎದೆಯವರೆಗೆ ಬರುವ, ನೀರು ಒಳಗೆ ಬಿಡದ ಉಡುಪು, ಅದನ್ನು ಹಾಕಿಕೊಂಡೇ ಅಳತೆ ನೋಡಬೇಕು. ದಪ್ಪ ಸ್ವೆಟರ್ ಮೇಲೆ ವೇಡರ್ಸ್ ಹಾಕಿದಾಗ ಪಟ್ಟಿ ಸಾಕಾಗದೆ ಹೋಗಬಹುದು.

ತಂದ ಮೇಲೆ ಹಿತ್ತಲಲ್ಲೋ ಪಾರ್ಕಿನಲ್ಲೋ ಅರ್ಧ ಗಂಟೆ ಹಾಕಿಕೊಂಡು ಕೈ ಬೀಸಿ. ಬಗ್ಗಿ ಏಳಿ. ಕಣ್ಣು ಮುಚ್ಚಿ ನಿಪ್ಪರ್ ಹುಡುಕಿ. ಮೊಣಕಾಲೂರಿ ಕೂತು ಎದ್ದಾಗ ಏನಾದರೂ ಬಿತ್ತಾ ನೋಡಿ. ನೆರೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಬೆಲೆ ಚೀಟಿಯನ್ನು ಅಲ್ಲಿಯವರೆಗೆ ಕೀಳಬೇಡಿ.

9. ಹೊಳೆ ದಾಟುವಾಗ

ಈ ಒಂದು ಹಂತವನ್ನು ಹಾರಿಸಬೇಡಿ. ಇಲ್ಲಿ ಎರಡು ಪಟ್ಟಿಗಳಿವೆ, ಅವುಗಳ ನಿಯಮ ಒಂದಕ್ಕೊಂದು ವಿರುದ್ಧ.

ವೇಡಿಂಗ್ ಬೆಲ್ಟ್, ಅಂದರೆ ವೇಡರ್ಸ್ ಮೇಲೆ ಸೊಂಟಕ್ಕೆ ಕಟ್ಟುವ ಪಟ್ಟಿ, ಯಾವಾಗಲೂ ಬಿಗಿಯಾಗಿರಬೇಕು. ಜಾರಿ ಬಿದ್ದರೆ ಕಾಲಿನೊಳಗೆ ನೀರು ತುಂಬುವುದನ್ನು ತಡೆಯುವುದು ಇದೇ. ಸೊಂಟದ ಪ್ಯಾಕಿನ ಪಟ್ಟಿ ಇದೆಯಲ್ಲ ಅಂತ ಇದನ್ನು ಬಿಡುವವರಿದ್ದಾರೆ. ಅದು ತಪ್ಪು. ಎರಡೂ ಬೇರೆಬೇರೆಯಾಗಿ ಇರಬೇಕು.

ಚೀಲದ ಪಟ್ಟಿ ಹಾಗಲ್ಲ. ಸೆಳೆತವಿರುವ ನೀರು ದಾಟುವ ಮೊದಲು ಬೆನ್ನಚೀಲದ ಎದೆ ಮತ್ತು ಸೊಂಟದ ಕೊಂಡಿ ಬಿಚ್ಚಿ. ಬಿದ್ದರೆ ಚೀಲ ಕಳಚಿ ಹೋಗಬೇಕು, ನಿಮ್ಮನ್ನು ಎಳೆದುಕೊಂಡು ಹೋಗಬಾರದು. ಸ್ಲಿಂಗ್ ಪ್ಯಾಕಿನ ಕೊಂಡಿ ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದೆಯಾ ಅಂತ ಮನೆಯ ತಾಲೀಮಿನಲ್ಲೇ ನೋಡಿಕೊಳ್ಳಿ. ಕಾರಿನ ಕೀ ಮಾತ್ರ ಚೀಲದಲ್ಲಿ ಬೇಡ, ವೇಡರ್ಸ್‌ನ ಒಳಜೇಬಿನಲ್ಲಿರಲಿ.

10. ಮನೆಗೆ ಬಂದ ಮೇಲೆ

ಸುಸ್ತಾಗಿರುತ್ತದೆ, ಚೀಲ ಗ್ಯಾರೇಜಿಗೆ ಎಸೆದು ಸ್ನಾನಕ್ಕೆ ಹೋಗೋಣ ಅನ್ನಿಸುತ್ತದೆ. ಐದು ನಿಮಿಷ ತಡೆಯಿರಿ. ಎಲ್ಲ ಜಿಪ್ ತೆಗೆದು, ಡಬ್ಬಿಗಳ ಮುಚ್ಚಳ ಬಿಚ್ಚಿ, ನೆರಳಲ್ಲಿ ಒಂದು ರಾತ್ರಿ ಬಿಡಿ. ನೆಟ್ ಮತ್ತು ಚೀಲದ ತಳಕ್ಕೆ ಅಂಟಿದ ಕೆಸರನ್ನು ತೊಳೆಯಿರಿ. ನ್ಯೂಜಿಲೆಂಡ್ ಮಡ್‌ಸ್ನೇಲ್ ಅನ್ನುವ, ಅಕ್ಕಿಕಾಳಿಗಿಂತ ದೊಡ್ಡದಲ್ಲದ ಬಸವನಹುಳು ಹೀಗೆಯೇ ಒಂದು ನದಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದೇ ಒಂದು ಹೋದರೂ ಸಾಕು, ಅದು ಜೋಡಿಯಿಲ್ಲದೆಯೇ ಮರಿ ಮಾಡುತ್ತದೆ. ಬೇರೆ ನದಿಗೆ ಹೋಗುವ ಮುಂಚೆ ಚೀಲ, ಬೂಟು, ನೆಟ್ ಪೂರ್ತಿ ಒಣಗಿರಬೇಕು.

ಒಣಗಲು ಹರಡಿದಾಗಲೇ ನೋಡಿ, ಆವತ್ತು ಯಾವುದನ್ನು ಮುಟ್ಟಲೇ ಇಲ್ಲ ಅಂತ. ಸತತ ಮೂರು ಸಲ ಮುಟ್ಟದ ವಸ್ತುವನ್ನು ನಾನು ಒಂದು ಹಳೇ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತೇನೆ. ಥರ್ಮಾಮೀಟರ್‌ಗೆ ಮಾತ್ರ ಈ ನಿಯಮವಿಲ್ಲ. ಬೇಸಿಗೆಯಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಟ್ರೌಟ್‌ಗೆ ಉಸಿರು ಕಟ್ಟುತ್ತದೆ, ಆಗ ಹಿಡಿಯುವುದನ್ನು ನಿಲ್ಲಿಸಬೇಕು. ಆ ಬಿಸ್ಕತ್ತಿನ ಡಬ್ಬ ಈಗ ಎರಡನೆಯದು ನಡೆಯುತ್ತಿದೆ. ಅದರಲ್ಲಿ ಐದು ಜಿಂಗರ್ ಇವೆ, ಬೇಕಾದವರು ಕೇಳಿ.